ದೂರದರ್ಶನ ಪ್ರಸಾರದ ಧ್ವನಿಮಟ್ಟ ಮಾನಕಗಳು

ದೂರದರ್ಶನದಲ್ಲಿ ಪ್ರಸಾರವಾಗುವ ಕಾರ್ಯಕ್ರಮ ಮತ್ತು ಜಾಹೀರಾತುಗಳ ಧ್ವನಿ ಕೇಳುಗರಿಗೆ ಸಮನಾಗಿರಬೇಕೆಂದು ರೂಪಿಸಿದ ತಾಂತ್ರಿಕ ನಿಯಮಗಳನ್ನು ಧ್ವನಿಮಟ್ಟ ಮಾನಕಗಳು ಎನ್ನುತ್ತಾರೆ. ಇವು ಧ್ವನಿಯ ಶಿಖರಮಟ್ಟದ ಜೊತೆಗೆ, ಕಿವಿಗೆ ಅದು ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆ ಎಂಬುದನ್ನೂ (ಲೌಡ್‌ನೆಸ್) ಅಳೆಯುತ್ತವೆ.

ಹಿನ್ನೆಲೆ
ಹಿಂದೆ ಶಿಖರಮಟ್ಟಕ್ಕೆ ಮಾತ್ರ ಮಿತಿಯಿತ್ತು. ಕಂಪ್ರೆಸರ್ ಬಳಸಿ ಮೆಲುದನಿಯ ಭಾಗಗಳನ್ನೂ ಮೇಲೆತ್ತಿದ ಜಾಹೀರಾತುಗಳು ಆ ಮಿತಿಯೊಳಗಿದ್ದೇ ಕಾರ್ಯಕ್ರಮಕ್ಕಿಂತ ಗಟ್ಟಿಯಾಗಿ ಕೇಳಿಸುತ್ತಿದ್ದವು. ಇದರಿಂದ ವೀಕ್ಷಕರು ಪದೇ ಪದೇ ಧ್ವನಿಯನ್ನು ಏರಿಳಿಸಬೇಕಾಗುತ್ತಿತ್ತು.

ಅಳತೆಯ ವಿಧಾನ
ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಬಿಎಸ್.1770 ಶಿಫಾರಸನ್ನು ಪ್ರಕಟಿಸಿತು. ಕಿವಿಯ ಸಂವೇದನೆಗೆ ಹೊಂದುವಂತೆ ಧ್ವನಿಯನ್ನು 'ಕೆ' ಶೋಧಕದ ಮೂಲಕ ಹಾಯಿಸಿ, ಅದರ ಸರಾಸರಿ ಶಕ್ತಿಯನ್ನು ಲೆಕ್ಕಹಾಕಲಾಗುತ್ತದೆ. ಇದರ ಮಾನ ಎಲ್‌ಯುಎಫ್‌ಎಸ್ ಅಥವಾ ಎಲ್‌ಕೆಎಫ್‌ಎಸ್, ಎರಡೂ ಒಂದೇ. 400 ಮಿಲಿಸೆಕೆಂಡಿನ ಅಳತೆಯನ್ನು ಕ್ಷಣಿಕ, 3 ಸೆಕೆಂಡಿನದನ್ನು ಅಲ್ಪಾವಧಿ, ಇಡೀ ಕಾರ್ಯಕ್ರಮದ್ದನ್ನು ಸಮಗ್ರ ಮಟ್ಟ ಎನ್ನಲಾಗುತ್ತದೆ. ದೀರ್ಘ ಮೌನಗಳು ಸರಾಸರಿಯನ್ನು ತಗ್ಗಿಸದಂತೆ −70 ಎಲ್‌ಯುಎಫ್‌ಎಸ್‌ಗಿಂತ ಕೆಳಗಿನ ಭಾಗಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ.

ಪ್ರಮುಖ ಮಾನಕಗಳು
• ಯುರೋಪಿನ ಇಬಿಯು ಆರ್ 128 (2010): ಸಮಗ್ರ ಮಟ್ಟ −23 ಎಲ್‌ಯುಎಫ್‌ಎಸ್, ನೈಜ ಶಿಖರ ಗರಿಷ್ಠ −1 ಡೆಸಿಬೆಲ್.
• ಅಮೆರಿಕದ ಎಟಿಎಸ್‌ಸಿ ಎ/85 (2009): −24 ಎಲ್‌ಕೆಎಫ್‌ಎಸ್, ನೈಜ ಶಿಖರ −2 ಡೆಸಿಬೆಲ್. 2010ರ ಕಾಮ್ ಕಾಯ್ದೆಯು ಜಾಹೀರಾತುಗಳಿಗೆ ಇದನ್ನು ಕಡ್ಡಾಯಗೊಳಿಸಿತು; ಅದು 2012ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು.

ಭಾರತದಲ್ಲಿ 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 7ನೆಯ ನಿಯಮವು ಜಾಹೀರಾತಿನ ಧ್ವನಿ ಅತಿಯಾಗಿ ಗಟ್ಟಿಯಾಗಿರಬಾರದು ಎನ್ನುತ್ತದೆ. ಆದರೆ 'ಅತಿ' ಎಂದರೆ ಎಷ್ಟು ಎಂಬುದನ್ನು ಆ ನಿಯಮ ಅಂಕಿಯಲ್ಲಿ ಹೇಳುವುದಿಲ್ಲ.

ಮಿಶ್ರಣದಲ್ಲಿ ಅನ್ವಯ
ಧ್ವನಿ ತಂತ್ರಜ್ಞರು ಮೊದಲು ಸಂಭಾಷಣೆಯನ್ನು ಸ್ಥಿರಗೊಳಿಸಿ, ಬಳಿಕ ಸಂಗೀತ ಮತ್ತು ಪರಿಣಾಮ ಶಬ್ದಗಳನ್ನು ಸೇರಿಸಿ, ಕೊನೆಗೆ ಸಮಗ್ರ ಮಟ್ಟವನ್ನು ಅಳೆಯುವುದು ರೂಢಿ. ಉದಾಹರಣೆಗೆ, ಮಿಶ್ರಣವು −27 ಎಲ್‌ಯುಎಫ್‌ಎಸ್ ಇದ್ದರೆ −23ಕ್ಕೆ ತರಲು ಒಟ್ಟಾರೆ 4 ಡೆಸಿಬೆಲ್ ಏರಿಸಬೇಕು. ಅದರ ಶಿಖರ ಮೊದಲು −3 ಇದ್ದಲ್ಲಿ ಈಗ +1 ಆಗಿ ಮಿತಿಯನ್ನು ಮೀರುತ್ತದೆ. ಲಿಮಿಟರ್‌ನಿಂದ ಶಿಖರಗಳನ್ನು ಕನಿಷ್ಠ 2 ಡೆಸಿಬೆಲ್ ತಗ್ಗಿಸಿ, ಮತ್ತೊಮ್ಮೆ ಅಳೆಯಬೇಕಾಗುತ್ತದೆ.

ಸಂಗೀತ ಪ್ರಸಾರ
ಹಿಂದುಸ್ತಾನಿ ಸಂಗೀತದ ಪ್ರಸಾರದಲ್ಲಿ ಈ ಪದ್ಧತಿಗೆ ವಿಶೇಷ ಮಹತ್ವವಿದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮೊದಲಾದವರಿಂದ ಹೆಸರಾದ ಧಾರವಾಡ–ಹುಬ್ಬಳ್ಳಿ ಸೀಮೆಯಲ್ಲಿ 1950ರಿಂದ ಆಕಾಶವಾಣಿ ಕೇಂದ್ರವಿದೆ. ಖಯಾಲ್ ಗಾಯನವು ತಂಬೂರಿಯ ಜೊತೆಗಿನ ಮೆಲುದನಿಯ ಆಲಾಪದಿಂದ ದ್ರುತ್ ಲಯದ ತಾನುಗಳವರೆಗೆ ಏರುತ್ತದೆ. ಪ್ರತಿ ಕ್ಷಣದ ಮಟ್ಟವನ್ನು ಸಮಗೊಳಿಸಿದರೆ ಈ ಏರಿಳಿತವೇ ಅಳಿಸಿಹೋಗಿ, ಸ್ವರಗಳ ನಡುವೆ ತಂಬೂರಿಯ ದನಿ ಅಸಹಜವಾಗಿ ಉಬ್ಬುತ್ತದೆ. ಸಮಗ್ರ ಮಟ್ಟವನ್ನು ಮಾತ್ರ ಗುರಿಯಾಗಿಸಿದಾಗ ಆಲಾಪ ಮೆಲುವಾಗಿಯೇ ಉಳಿಯುತ್ತದೆ. ಕಚೇರಿಯ ನಂತರ ಬರುವ ಜಾಹೀರಾತಿಗೂ ಅದೇ ಸರಾಸರಿ ಅನ್ವಯಿಸುವುದರಿಂದ ಧ್ವನಿಯನ್ನು ಹಿಂಡಿ ಗಟ್ಟಿಗೊಳಿಸುವುದರಿಂದ ಲಾಭವಿರುವುದಿಲ್ಲ.