ಎ ಜೀವಸತ್ವ: ಮರೆತುಹೋದ ಒಂದು ಅರಿವು

ಇರುಳುಗಣ್ಣಿನ ಹೆಸರನ್ನು ಕೇಳದ ವಾಚಕರು ವಿರಳ. ಎ ಜೀವಸತ್ವದ ಕೊರತೆಯೇ ಅದಕ್ಕೆ ಕಾರಣವೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆ ಕೊರತೆಯು ಕಣ್ಣನ್ನು ಮಾತ್ರವಲ್ಲ, ಪ್ರಾಣವನ್ನೂ ಕಸಿಯಬಲ್ಲದೆಂಬ ಅರಿವು ಒಮ್ಮೆ ಕೈಗೆ ಬಂದು ಅರ್ಧ ಶತಮಾನ ಮರೆಯಾಗಿದ್ದ ವೃತ್ತಾಂತವನ್ನು ಬಲ್ಲವರು ಕಡಿಮೆ.

1928ರಲ್ಲಿ ಇಂಗ್ಲೆಂಡಿನ ಗ್ರೀನ್ ಮತ್ತು ಮೆಲನ್‌ಬಿ ಎಂಬ ವಿದ್ವಾಂಸರು ಈ ಸತ್ವವಿಲ್ಲದ ಆಹಾರವನ್ನು ಇಲಿಗಳಿಗೆ ಉಣಿಸಿ ನೋಡಿದರು. ಅವು ಸೋಂಕು ತಗುಲಿ ಸತ್ತವು. 1932ರಲ್ಲಿ ಎಲಿಸನ್ ಎಂಬ ವೈದ್ಯರು ಲಂಡನ್ನಿನಲ್ಲಿ ದಡಾರದಿಂದ ನರಳುತ್ತಿದ್ದ 600 ಮಕ್ಕಳ ವರದಿಯನ್ನು ಪ್ರಕಟಿಸಿದರು. ಎ ಮತ್ತು ಡಿ ಸತ್ವಗಳನ್ನು ಪಡೆದ 300 ಮಕ್ಕಳಲ್ಲಿ ತೀರಿಕೊಂಡವರು 11. ಪಡೆಯದ 300 ಮಕ್ಕಳಲ್ಲಿ 26. ಇಷ್ಟು ಸ್ಪಷ್ಟವಾದ ಸಂಗತಿಯನ್ನು ಲೋಕವು ಹೇಗೆ ಮರೆಯಿತು? ಸಲ್ಫಾ ಔಷಧಗಳು ಬಂದವು, ಪೆನಿಸಿಲಿನ್ ಬಂದಿತು. ಹೊಸದರ ಸಂಭ್ರಮದಲ್ಲಿ ಆಹಾರದ ಮಾತು ಹಿಂದೆ ಸರಿಯಿತು. (ಆ ಕಾಲದಲ್ಲಿ ಈ ಸತ್ವವನ್ನು ಮೀನಿನ ಯಕೃತ್ತಿನ ಎಣ್ಣೆಯಿಂದ ತೆಗೆಯುತ್ತಿದ್ದರು. ಶಾಕಾಹಾರಿಗಳು ಅದಕ್ಕಾಗಿ ಚಿಂತಿಸಬೇಕಿಲ್ಲ. ನುಗ್ಗೆಸೊಪ್ಪು, ಗಜ್ಜರಿ, ಪರಂಗಿಹಣ್ಣುಗಳಲ್ಲಿರುವ ವರ್ಣದ್ರವ್ಯವು ದೇಹದಲ್ಲಿ ಎ ಸತ್ವವಾಗಿ ಮಾರ್ಪಡುತ್ತದೆ.)

ಮರೆತದ್ದನ್ನು ಮರಳಿ ಕಂಡವರು ಅಮೆರಿಕದ ನೇತ್ರವೈದ್ಯ ಆಲ್ಫ್ರೆಡ್ ಸಾಮರ್. ಇಂಡೋನೇಷ್ಯಾದ ಹಳ್ಳಿಗಳಲ್ಲಿ ಅವರು ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಲು ಹೋಗಿದ್ದರು. ಅಲ್ಲಿನ ಲೆಕ್ಕಗಳನ್ನು ತಾಳೆ ನೋಡಿದಾಗ, ಇರುಳುಗಣ್ಣಿನಂತಹ ಸೌಮ್ಯ ಲಕ್ಷಣಗಳಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಸಾಯುತ್ತಿದ್ದುದು ಕಂಡುಬಂದಿತು. ಇದು 1983ರ ಮಾತು. ಆಚೆ ಪ್ರಾಂತದ 450 ಹಳ್ಳಿಗಳ ಪ್ರಯೋಗದಲ್ಲಿ ಈ ಸತ್ವವನ್ನು ಕೊಟ್ಟ ಕಡೆ ಮಕ್ಕಳ ಮರಣ ಶೇಕಡಾ 34ರಷ್ಟು ತಗ್ಗಿತೆಂದು 1986ರಲ್ಲಿ ಪ್ರಕಟವಾಯಿತು. ಹಲವರು ನಂಬಲಿಲ್ಲ.

ನಂಬದಿರಲು ಆಗ ಕಾರಣವೂ ಇತ್ತು. ಒಂದು ಸತ್ವವು ರೋಗವನ್ನು ತಡೆಯುವ ಬಗೆ ಇನ್ನೂ ತಿಳಿದಿರಲಿಲ್ಲ. ಕರುಳು, ಶ್ವಾಸಮಾರ್ಗಗಳ ಒಳಪೊರೆಯನ್ನು ಅದು ಗಟ್ಟಿಯಾಗಿಡುತ್ತದೆ. ಅಷ್ಟೇ ಅಲ್ಲ, ಕರುಳಿನಲ್ಲಿರುವ ಕೆಲವು ರಕ್ಷಕ ಕೋಶಗಳು ಅದರಿಂದ ರೆಟಿನಾಯಿಕ್ ಆಮ್ಲವನ್ನು ತಯಾರಿಸುತ್ತವೆ. ಬಿಳಿರಕ್ತಕಣಗಳ ಒಂದು ಬಗೆಯಾದ ಟಿ ಕೋಶಗಳಿಗೆ ಕರುಳಿನ ದಾರಿಯನ್ನು ತೋರುವುದು ಆ ಆಮ್ಲವೇ ಎಂಬುದು 2004ರಲ್ಲಿ ಪ್ರಕಟವಾಯಿತು. ಆ ಗುರುತಿಲ್ಲದ ಕಾವಲುಗಾರನಿಗೆ ತನ್ನ ಠಾಣೆಯೇ ತಿಳಿಯದು.

ನಮ್ಮ ದೇಶದ ಫಲಿತಾಂಶಗಳು ಒಂದೇ ತೆರನಾಗಿಲ್ಲ. ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಮಕ್ಕಳ ಮರಣ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 1990ರಲ್ಲಿ ವರದಿಯಾಯಿತು. ಅದೇ ವರ್ಷ ಪ್ರಕಟವಾದ ಹೈದರಾಬಾದಿನ ಪರಿಶೀಲನೆಯಲ್ಲಿ ಇಳಿಕೆ ಕಾಣಲಿಲ್ಲ. ಉತ್ತರ ಪ್ರದೇಶದ ಸುಮಾರು 10 ಲಕ್ಷ ಮಕ್ಕಳ ಪ್ರಯೋಗದ ಫಲ 2013ರಲ್ಲಿ ಹೊರಬಂದಾಗಲೂ ಪರಿಣಾಮ ಅತ್ಯಲ್ಪವಾಗಿತ್ತು. ಕೊರತೆಯಿದ್ದಲ್ಲಿ ಮಾತ್ರ ಪೂರೈಕೆಗೆ ಫಲವೆಂದು ನಾವು ತಿಳಿಯುತ್ತೇವೆ. ಮಿತಿಮೀರಿದರೆ ಇದು ವಿಷವೇ ಸರಿ. ದಡಾರದ ವಿಷಯದಲ್ಲಾದರೋ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಖಚಿತವಾಗಿದೆ: ರೋಗ ತಗುಲಿದ ಮಗುವಿಗೆ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಎರಡು ದಿನ ಎ ಸತ್ವವನ್ನು ಕೊಡಬೇಕು.