ಸ್ಥಳೀಯ ಸಂಸ್ಥೆಗಳಲ್ಲಿ ಹಂಗಾಮಿ ನೌಕರರು ಮತ್ತು ಪ್ರಭಾರ ಅಧಿಕಾರಿಗಳು

ರಾಜ್ಯದ ನಗರಸಭೆ, ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಗಳಲ್ಲಿ ಅರ್ಜಿ ನೋಂದಾಯಿಸುವ ಕಂಪ್ಯೂಟರ್ ಆಪರೇಟರ್, ನೀರು ಬಿಡುವ ವಾಲ್‌ಮನ್, ಕಸದ ವಾಹನದ ಚಾಲಕ ಮುಂತಾದವರ ಪೈಕಿ ಅನೇಕರು ಖಾಯಂ ನೌಕರರಲ್ಲ. ಇವರೆಲ್ಲರನ್ನೂ ‘ಹಂಗಾಮಿ’ ಎಂದು ಕರೆಯುವುದು ವಾಡಿಕೆಯಾದರೂ ಇವರ ಸ್ಥಾನಮಾನ ಒಂದೇ ಆಗಿರುವುದಿಲ್ಲ. ಹೊರಗುತ್ತಿಗೆ ನೌಕರರಿಗೆ ಏಜೆನ್ಸಿಯು ವೇತನ ನೀಡುತ್ತದೆ. ನೇರ ಪಾವತಿ ಪೌರಕಾರ್ಮಿಕರಿಗೆ ಸ್ಥಳೀಯ ಸಂಸ್ಥೆಯೇ ಪಾವತಿಸುತ್ತದೆ. ಅಧಿಸೂಚಿತ ದಿನಗೂಲಿ ನೌಕರರಿಗೆ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, 2012 ಅನ್ವಯಿಸುತ್ತದೆ.

ದೀರ್ಘಕಾಲ ದುಡಿದವರನ್ನು ಏಕೆ ಖಾಯಂಗೊಳಿಸಿಲ್ಲ ಎಂಬ ಪ್ರಶ್ನೆ ಸಹಜವಾದುದು. ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 10-04-2006ರಂದು, ನಿಯಮಾನುಸಾರ ನೇಮಕಗೊಳ್ಳದವರು ಸೇವಾವಧಿಯ ಆಧಾರದಿಂದಲೇ ಖಾಯಮಾತಿಯ ಹಕ್ಕು ಪಡೆಯಲಾರರು ಎಂದು ತೀರ್ಪಿತ್ತಿತು. ಈ ತೀರ್ಪನ್ನೇ ಗುರಾಣಿಯಾಗಿಸಿಕೊಂಡು ದೀರ್ಘಾವಧಿ ನೌಕರರ ನ್ಯಾಯಯುತ ಬೇಡಿಕೆಯನ್ನು ನಿರಾಕರಿಸಬಾರದೆಂದು ಅದೇ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಿರುತ್ತದೆ.

ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರ ಹುದ್ದೆ ತೆರವಾದಾಗ ಬೇರೊಬ್ಬ ಅಧಿಕಾರಿಗೆ ಪ್ರಭಾರ ವಹಿಸಲಾಗುತ್ತದೆ. ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ 32 ಮತ್ತು 68ನೇ ನಿಯಮಗಳು ಇದಕ್ಕೆ ಸಂಬಂಧಿಸಿವೆ. ಒಬ್ಬರೇ ಅಧಿಕಾರಿ ಎರಡು ಪಟ್ಟಣಗಳನ್ನು ನೋಡಿಕೊಳ್ಳುವಲ್ಲಿ ಕಡತಗಳು ಸಹಿಗಾಗಿ ಕಾಯುವುದುಂಟು. ವಾಸ್ತವದಲ್ಲಿ ಸಾರ್ವಜನಿಕರಿಗೆ ಹೆಚ್ಚಿನ ತೊಂದರೆಯಾಗುವುದು ಇಲ್ಲಿಯೇ. ಪ್ರಭಾರ ಅಧಿಕಾರಿ ನೀಡಿದ ಪತ್ರ ಮುಂದೆ ಊರ್ಜಿತವಾಗದೆಂಬ ಆತಂಕ ಮಾತ್ರ ಬೇಡ. ಅಧಿಕಾರಿಯ ನೇಮಕದಲ್ಲಿ ದೋಷ ಕಂಡುಬಂದರೂ, ಹುದ್ದೆಯಲ್ಲಿದ್ದು ಆತ ಕೈಗೊಂಡ ಕ್ರಮಗಳು ಅಷ್ಟರಿಂದಲೇ ಅಸಿಂಧುವಾಗುವುದಿಲ್ಲವೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ಗೋಕರಾಜು ರಂಗರಾಜು ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಆಪರೇಟರ್ ಅರ್ಜಿಯ ವಿವರ ದಾಖಲಿಸಬಹುದೇ ಹೊರತು ಮಂಜೂರು ಮಾಡುವಂತಿಲ್ಲ. ಆ ಹೊಣೆ ಗೊತ್ತುಪಡಿಸಿದ ಅಧಿಕಾರಿಯದು. ಆದುದರಿಂದ ‘ಆ ಹುಡುಗ ಕೆಲಸ ಬಿಟ್ಟ’, ‘ಸಾಹೇಬರು ಪ್ರಭಾರದಲ್ಲಿದ್ದಾರೆ’ ಎಂಬ ಉತ್ತರಗಳು ವಿಳಂಬಕ್ಕೆ ಸಮರ್ಥನೆಯಾಗಲಾರವು. ಜನನ ಪ್ರಮಾಣಪತ್ರ, ಖಾತಾ ವರ್ಗಾವಣೆಯಂತಹ ಸೇವೆಗಳಿಗೆ ಸಕಾಲ ಅಧಿನಿಯಮ, 2011ರ ಅನ್ವಯ ಅವಧಿಯ ಲೆಕ್ಕವು ಅರ್ಜಿ ಸಲ್ಲಿಸಿದ ದಿನದಿಂದಲೇ ಆರಂಭವಾಗುತ್ತದೆ. ಅವಧಿ ಮೀರಿದಲ್ಲಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಅರ್ಜಿದಾರರು ಅರ್ಹರು.

ಅರ್ಜಿದಾರರು 15 ಅಂಕಿಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೇ ಪಡೆಯತಕ್ಕದ್ದು. ಸ್ವೀಕೃತಿಯಿಲ್ಲದೆ ಯಾವ ಸಿಬ್ಬಂದಿಯ ಕೈಗೂ, ಆತ ಎಷ್ಟೇ ಪರಿಚಿತನಿರಲಿ, ನಗದು ನೀಡಬಾರದು. ಸೇವೆ ದೊರೆಯದಿದ್ದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.