ಸರಳೆಯಿಂದ ಏಳು ತಂತಿಯವರೆಗೆ

ಪಿಟೀಲು ಕಲಿಯತೊಡಗಿದ ಮಗುವಿರುವ ಮನೆಯನ್ನು ನೀವೆಲ್ಲ ಬಲ್ಲಿರಿ. ಮೊದಲ ತಿಂಗಳು ಎಲ್ಲರಿಗೂ ಸಂಭ್ರಮ. ಮೂರನೆಯ ತಿಂಗಳಿಗೆ ತಂತಿಯ ಕರ್ಕಶ ಧ್ವನಿ ಕೇಳಲಾರದೆ ಅಣ್ಣ ಅಕ್ಕಂದಿರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ವರ್ಷ ತುಂಬುವಷ್ಟರಲ್ಲಿ "ನನಗಿನ್ನು ಬೇಡ" ಎನ್ನುತ್ತದೆ ಮಗು. ವಾದ್ಯ ಅಟ್ಟ ಸೇರುತ್ತದೆ. ಮಗುವಿಗೆ ಪ್ರತಿಭೆ ಇರಲಿಲ್ಲವೆಂದು ಹಿರಿಯರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ನಮ್ಮ ಸಂಗೀತದ ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ. ಅಭ್ಯಾಸ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಮಗುವೊಂದರದೇ ಅಲ್ಲ. ಅದರಲ್ಲಿ ಪಾಠಕ್ಕೂ ಗುರುವಿಗೂ ಮನೆಯವರಿಗೂ ಪಾಲಿದೆ.

ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು ಕ್ರಮಗೊಳಿಸಿದವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಅವರ ಕಾಲವನ್ನು 1484ರಿಂದ 1564ರವರೆಗೆ ಎಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಸರಳೆ ವರಸೆ, ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಗೀತೆ: ಇದು ಮಗುವಿನ ಹೆಜ್ಜೆಗೆ ತಕ್ಕಂತೆ ಕಟ್ಟಿದ ಮೆಟ್ಟಿಲು. ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ ನುಡಿಸಬೇಕು. ಪಾಠ ಹಳೆಯದೇ, ಸವಾಲು ಮಾತ್ರ ಹೊಸದು.

ಈ ಪಾಠಗಳಿಗೆ ಮಾಯಾಮಾಳವಗೌಳ ರಾಗವನ್ನು ಆರಿಸಿಕೊಂಡಿರುವುದರ ಸೊಗಸನ್ನು ಗಮನಿಸಿ. ಇದರಲ್ಲಿ ಸ ರಿ ಗ ಮ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪ ದ ನಿ ಸ ಸ್ವರಗಳ ನಡುವೆಯೂ ಅಷ್ಟೇ ಅಂತರವಿದೆ. ಪಿಟೀಲಿನಲ್ಲಿ ಷಡ್ಜದ ತಂತಿಯ ಪಕ್ಕದಲ್ಲೇ ಪಂಚಮದ ತಂತಿ. ಆದ್ದರಿಂದ ಒಂದು ತಂತಿಯ ಮೇಲೆ ಬೆರಳು ಕಲಿತದ್ದು ಇನ್ನೊಂದು ತಂತಿಗೂ ಹಾಗೆಯೇ ಒದಗುತ್ತದೆ. ಅರ್ಧ ಕಲಿತ ಮಗುವಿಗೆ ಇನ್ನರ್ಧ ತಾನಾಗಿ ದೊರೆಯುತ್ತದೆ! ಮೊದಲ ಗೀತೆಗಳು ಮಲಹರಿ ರಾಗದಲ್ಲಿವೆ. ಅದರ ಸ್ವರಗಳೂ ಮಾಯಾಮಾಳವಗೌಳದವೇ. ತಿಂಗಳುಗಟ್ಟಲೆ ಒಣ ವರಸೆ ನುಡಿಸಿದ ಬೆರಳಿನಿಂದ ಒಂದು ದಿನ ಹಾಡು ಹೊರಡುತ್ತದೆ. ಅಲ್ಲಿಯವರೆಗೆ ಮಗು ಕೈಬಿಡಬಾರದು, ಅಷ್ಟೆ.

ಪಿಟೀಲು ಮೂಲತಃ ಯೂರೋಪಿನ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮುಖ್ಯರು. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿದರು. ಹೀಗೆ ಎಡಗೈ ಹಗುರಾಗಿ, ಗಮಕಕ್ಕಾಗಿ ತಂತಿಯ ಮೇಲೆ ಜಾರಲು ಅನುಕೂಲವಾಯಿತು. ಪರವಾದ್ಯವೊಂದು ಸ್ವಂತದ್ದಾದುದು ಇಂಥ ತಾಳ್ಮೆಯ ಪ್ರಯೋಗಗಳಿಂದಲೇ.

ಮೈಸೂರು ಸೀಮೆಯ ತಿರುಮಕೂಡಲಿನ ಹುಡುಗ ಚೌಡಯ್ಯ 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಕೃಷ್ಣಪ್ಪನವರು ಮೈಸೂರು ಆಸ್ಥಾನದ ಗಾಯಕರು. ಅವರ ಬಳಿ ವರ್ಷಗಟ್ಟಲೆ ಕಠಿಣ ಶಿಕ್ಷಣ ನಡೆಯಿತು. ಆಗ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ, 1927ರ ವೇಳೆಗೆ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ತಂತಿ ಹೆಚ್ಚಿದರೆ ಬೆರಳು ಒತ್ತುವ ಬಗೆಯೂ ಕಮಾನು ಎಳೆಯುವ ಬಗೆಯೂ ಬದಲಾಗಬೇಕು. ಹೆಸರು ಮಾಡಿದ ವಿದ್ವಾಂಸರು ಮೂವತ್ತು ದಾಟಿದ ಮೇಲೆ ಮತ್ತೆ ಕೈಯನ್ನು ಪಳಗಿಸಲು ಹಿಂಜರಿಯಲಿಲ್ಲವೆಂಬುದು ಇಲ್ಲಿನ ಪಾಠ. 1957ರಲ್ಲಿ ಅವರಿಗೆ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಸಂದಿತು.

ಮೈಸೂರಿನ ವೀಣೆಯ ಕಥೆಯೂ ಇಂಥದೇ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ (1920–1997) ವಿದ್ಯೆ ಹರಿಯಿತು. ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಮೊದಲ ಪಾಠ ಹೇಳಿದವರು ಮನೆಯಲ್ಲಿದ್ದ ತಂದೆಯೇ.

ಗುರುಕುಲದಲ್ಲಿ ಎಲ್ಲವೂ ಸವಿಯಾಗಿತ್ತೆಂದು ಭಾವಿಸಬೇಕಾಗಿಲ್ಲ. ಅಲ್ಲಿನ ಶಿಸ್ತು ಕಠಿಣ, ಅಲ್ಲಿಗೆ ಪ್ರವೇಶವೂ ಕೆಲವರಿಗೆ ಮಾತ್ರ. ಇಂದು ಸಂಗೀತ ಶಾಲೆಗಳ ಬಾಗಿಲು ಹೆಚ್ಚು ಮಕ್ಕಳಿಗೆ ತೆರೆದಿರುವುದು ದೊಡ್ಡ ಲಾಭ. ಆದರೆ ಒಂದು ನಷ್ಟವೂ ಆಗಿದೆ. ಗುರುಕುಲದಲ್ಲಿ ಶಿಷ್ಯನ ಅಭ್ಯಾಸ ಗುರುವಿನ ಕಿವಿಗೆ ಬೀಳುತ್ತಿತ್ತು. ತಪ್ಪನ್ನು ಆಗಲೇ ತಿದ್ದಬಹುದಾಗಿತ್ತು, ಒಳ್ಳೆಯದಕ್ಕೆ ಆಗಲೇ ತಲೆದೂಗಬಹುದಾಗಿತ್ತು. ಈಗ ವಾರಕ್ಕೆ ಎರಡು ದಿನ ಪಾಠವಾದರೆ ಉಳಿದ ಐದು ದಿನ ಮಗು ಒಂಟಿ. ಆ ಐದು ದಿನಗಳಲ್ಲಿ ಕೇಳುವ ಕಿವಿ ಮನೆಯಲ್ಲಿರಬೇಕು.

ಇದಕ್ಕೆ ಸಂಗೀತ ಜ್ಞಾನ ಬೇಕಿಲ್ಲ. ದಿನವೂ ಒಂದೇ ಹೊತ್ತಿಗೆ ಅರ್ಧ ಗಂಟೆ ಕೂರಲಿ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ. ಕಳೆದ ವಾರದ ವರಸೆಗಿಂತ ಈ ವಾರದ್ದು ಹೇಗೆ ಹಸನಾಗಿದೆಯೆಂದು ಹೇಳಿ. ಮಗು ಬೇಸತ್ತ ದಿನ ಹೊಸ ಪಾಠದ ಬದಲು, ಅದಕ್ಕೆ ಚೆನ್ನಾಗಿ ಬರುವ ಗೀತೆಯನ್ನೇ ಕೇಳಿ. "ಹಾಡುತ್ತಾ ಹಾಡುತ್ತಾ ರಾಗ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಬೆಂಗಳೂರಿನ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವಿದೆ. ಅಲ್ಲಿ ಚಪ್ಪಾಳೆ ಗಿಟ್ಟಿಸಿದ ವಾದಕರೆಲ್ಲ ಎಳವೆಯಲ್ಲಿ ಅಪಸ್ವರ ನುಡಿಸಿ ಮನೆಯವರ ಕಿವಿ ನೋಯಿಸಿದವರೇ. ವಿದ್ಯಾರ್ಥಿಗಳೇ, ಇಂದು ಸಂಜೆ ನಿಮ್ಮ ತಮ್ಮನೋ ತಂಗಿಯೋ ಸರಳೆ ವರಸೆ ನುಡಿಸಲು ಕುಳಿತರೆ, ಬಾಗಿಲು ಮುಚ್ಚಿಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು ತಾಳ ಹಾಕಿ.